ನಮ್ಮ ವಿಷಯ ನಗರಸಭೆಯ ಅಜೆಂಡಾಕ್ಕೆ ಬರುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಮಕ್ಕಳು ಶಾಲೆಗೆ ಹೋಗಲು ಒಂದು ದೊಡ್ಡ ರಸ್ತೆ ದಾಟಬೇಕು. ಅಲ್ಲಿ ಜೀಬ್ರಾ ಕ್ರಾಸಿಂಗ್ ಮತ್ತು ಸಿಗ್ನಲ್ ಬೇಕೆಂದು ಎಂಟು ತಿಂಗಳ ಹಿಂದೆ ನಗರಸಭೆಗೆ ಮನವಿ ಕೊಟ್ಟೆವು. ಇನ್ನೂರು ಜನರ ಸಹಿ ಇತ್ತು. ಆಮೇಲೆ ಮೂರು ಸಭೆಗಳಿಗೆ ಹೋಗಿ ಕೂತು ಬಂದೆವು. ಒಂದರಲ್ಲೂ ನಮ್ಮ ವಿಷಯ ಬರಲಿಲ್ಲ. ಕೇಳಿದರೆ "ಅಜೆಂಡಾದಲ್ಲಿ ಇಲ್ಲ" ಎಂದರು. ಆದರೆ ಕಳೆದ ಸಭೆಯ ಕೊನೆಯಲ್ಲಿ, ಪಟ್ಟಿಯಲ್ಲೇ ಇಲ್ಲದ ಒಂದು ವಿಷಯ, ನಗರಸಭೆಯ ಹಳೇ ಕಟ್ಟಡವನ್ನು ಗುತ್ತಿಗೆಗೆ ಕೊಡುವುದು, ಐದೇ ನಿಮಿಷದಲ್ಲಿ ಪಾಸಾಯಿತು. ಅಜೆಂಡಾ ಮಾಡುವವರು ಯಾರು? ನಮ್ಮಂಥವರ ವಿಷಯ ಅದರೊಳಗೆ ಹೋಗುವುದು ಹೇಗೆ?

ಉತ್ತರ: ಎಂಟು ತಿಂಗಳು, ಇನ್ನೂರು ಸಹಿ, ಮೂರು ಸಭೆ. ಇಷ್ಟಾದ ಮೇಲೂ "ಅಜೆಂಡಾದಲ್ಲಿ ಇಲ್ಲ" ಎನ್ನಿಸಿಕೊಂಡು ಬಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನಾನು ಹತ್ತೊಂಬತ್ತು ವರ್ಷ ನಗರಸಭೆಯ ಸಭಾ ಶಾಖೆಯಲ್ಲಿ ಕೆಲಸ ಮಾಡಿದವಳು. ಅಜೆಂಡಾ ಟೈಪ್ ಮಾಡುವುದರಿಂದ ಶುರುವಾಗಿ, ಅದಕ್ಕೆ ಸಹಿ ಹಾಕುವ ಕಾರ್ಯದರ್ಶಿಯಾಗಿ ನಿವೃತ್ತಳಾದೆ. ನಿಮ್ಮ ರಸ್ತೆಯ ವಿಷಯಕ್ಕೆ ದಾರಿ ಇದೆ, ಅದು ಅಷ್ಟೇನೂ ಕಷ್ಟದ್ದಲ್ಲ. ಆ ಹಳೇ ಕಟ್ಟಡದ ವಿಷಯ ಮಾತ್ರ ನೀವು ಅಂದುಕೊಂಡಿದ್ದಕ್ಕಿಂತ ಗಂಭೀರವಾದದ್ದು.

ಮೊದಲು ನಿಮ್ಮ ಮನವಿ ಎಲ್ಲಿ ಹೋಯಿತು ಅಂತ ನೋಡೋಣ. ನೀವು ಕೊಟ್ಟ ಕಾಗದಕ್ಕೆ ಕೌಂಟರಿನಲ್ಲಿ ಒಂದು ನಂಬರ್ ಬಿದ್ದಿರುತ್ತದೆ. ಅಲ್ಲಿಂದ ಅದು ಇಂಜಿನಿಯರಿಂಗ್ ವಿಭಾಗಕ್ಕೆ ಹೋಗಿರುತ್ತದೆ. ಅಲ್ಲಿ ಒಂದು ಕಡತದೊಳಗೆ ಸೇರಿರುತ್ತದೆ. ಅಷ್ಟೇ. ಆ ದಾರಿಯಲ್ಲಿ ಸಭಾ ಶಾಖೆ ಎಲ್ಲೂ ಬರುವುದಿಲ್ಲ. ಮನವಿ ಕೊಡುವುದು ಬೇರೆ, ಅಜೆಂಡಾಕ್ಕೆ ವಿಷಯ ಸೇರಿಸುವುದು ಬೇರೆ. ಒಂದು ಆಡಳಿತಕ್ಕೆ ಹೋಗುವ ಬಾಗಿಲು, ಇನ್ನೊಂದು ಸಭೆಗೆ ಹೋಗುವ ಬಾಗಿಲು. ನೀವು ಮೊದಲನೆಯದನ್ನು ತಟ್ಟಿದ್ದೀರಿ. ಎರಡನೆಯದು ಬೇರೆ ಇದೆ ಎಂದು ನಿಮಗೆ ಯಾರೂ ಹೇಳಲಿಲ್ಲ. ಹೇಳಬೇಕಿತ್ತು. ಕೌಂಟರಿನಲ್ಲಿ ಕೂತವರಿಗೆ ಈ ಒಂದು ವಾಕ್ಯ ಹೇಳಲು ಅರ್ಧ ನಿಮಿಷ ಸಾಕು.

ಎರಡನೇ ಬಾಗಿಲಿನ ಕೀಲಿ ಕೆಲವೇ ಜನರ ಕೈಯಲ್ಲಿರುತ್ತದೆ. ಬಹುತೇಕ ನಗರಸಭೆಗಳಲ್ಲಿ ಅಧಿಕಾರಿಗಳು ವರದಿಯ ಜೊತೆ ವಿಷಯ ಕಳಿಸಬಹುದು. ಮೇಯರ್ ಅಥವಾ ಅಧ್ಯಕ್ಷರು ಸೇರಿಸಬಹುದು. ಸಮಿತಿಗಳು ತಮ್ಮ ಶಿಫಾರಸನ್ನು ಮೇಲಕ್ಕೆ ಕಳಿಸಬಹುದು. ಆಮೇಲೆ ಸದಸ್ಯರು. ಸದಸ್ಯರ ವಿಷಯದಲ್ಲಿ ಊರಿಗೊಂದು ನಿಯಮ. ಕೆಲವು ಕಡೆ ಒಬ್ಬ ಸದಸ್ಯ ಬರೆದುಕೊಟ್ಟರೆ ಸಾಕು. ಕೆಲವು ಕಡೆ ಇಬ್ಬರ ಸಹಿ ಬೇಕು, ಇನ್ನು ಕೆಲವು ಕಡೆ ಸಭೆಯಲ್ಲೇ ಕೇಳಿ ಬಹುಮತ ಪಡೆಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬ ಸದಸ್ಯನಿಗೂ ಒಂದು ವಿಷಯವನ್ನು ಚರ್ಚೆಗೆ ತರುವ ಹಕ್ಕು ಇರಬೇಕು. ಸೋಲಲಿ ಗೆಲ್ಲಲಿ, ಅದು ಆಮೇಲಿನ ಮಾತು. ಚರ್ಚೆಗೇ ಬರಲು ಬಹುಮತ ಬೇಕು ಎಂದರೆ, ಅಲ್ಪಸಂಖ್ಯೆಯಲ್ಲಿರುವವರು ಆರಿಸಿ ಕಳಿಸಿದ ಜನರ ಬಾಯಿಗೆ ಬೀಗ ಹಾಕಿದಂತೆ.

ಈಗ ಪಟ್ಟಿ ನಿಜವಾಗಿ ತಯಾರಾಗುವ ಜಾಗಕ್ಕೆ ಬನ್ನಿ. ಅದು ಸಭಾಂಗಣ ಅಲ್ಲ. ಸಭೆಗೆ ಒಂದು ವಾರ, ಹತ್ತು ದಿನ ಮೊದಲು ಒಂದು ಸಣ್ಣ ಕೋಣೆಯಲ್ಲಿ ನಾಲ್ಕೈದು ಜನ ಕೂರುತ್ತಾರೆ. ಮೇಯರ್, ಆಯುಕ್ತರು, ಕಾರ್ಯದರ್ಶಿ, ಕಾನೂನು ಅಧಿಕಾರಿ, ಕೆಲವೊಮ್ಮೆ ಉಪಮೇಯರ್. ಮೇಜಿನ ಮೇಲೆ ಕರಡು ಪಟ್ಟಿ. ಪ್ರತಿ ವಿಷಯದ ಎದುರು ಮೂರು ಕಾಲಂ: ವರದಿ ಬಂತೇ, ಹಣಕಾಸಿನವರು ನೋಡಿದರೇ, ಕಾನೂನಿನವರು ನೋಡಿದರೇ. ನಾನು ಪೆನ್ಸಿಲ್ ಹಿಡಿದು ಒಂದೊಂದಾಗಿ ಓದುತ್ತಿದ್ದೆ. "ಇದರ ಅಂದಾಜು ವೆಚ್ಚ ಎಲ್ಲಿ?" ಎಂದು ಒಬ್ಬರು ಕೇಳುವರು. "ಮುಂದಿನ ಸಭೆಗೆ ಇಡಿ." ಒಂದು ಗೆರೆ. "ಇದಕ್ಕೆ ಜನ ಜಾಸ್ತಿ ಬರುತ್ತಾರೆ, ಮೊದಲೇ ತಗೊಳ್ಳೋಣ." ಬಾಣದ ಗುರುತು ಮೇಲಕ್ಕೆ. ಇಪ್ಪತ್ತೆಂಟು ವಿಷಯ ಹಿಡಿದು ಒಳಗೆ ಹೋದವಳು ಹದಿನೇಳು ಹಿಡಿದು ಹೊರಗೆ ಬರುತ್ತಿದ್ದೆ. ಉಳಿದ ಹನ್ನೊಂದರ ಬಗ್ಗೆ ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಧಿಕಾರ ಇರುವುದು ಆ ಪೆನ್ಸಿಲ್ ಗೆರೆಯಲ್ಲಿ. ಯಾವುದರ ಪರ ಕೈ ಎತ್ತಬೇಕು ಎನ್ನುವುದನ್ನು ಸಭೆ ತೀರ್ಮಾನಿಸುತ್ತದೆ. ಯಾವುದಕ್ಕೆ ಕೈ ಎತ್ತುವ ಅವಕಾಶವೇ ಸಿಗಬೇಕು ಎನ್ನುವುದು ಇಲ್ಲಿ ತೀರ್ಮಾನವಾಗುತ್ತದೆ.

ಈ ಪೂರ್ವಭಾವಿ ಸಭೆ ತಪ್ಪಲ್ಲ. ಅದಿಲ್ಲದೆ ಸಭೆ ನಡೆಸಲು ಆಗುವುದಿಲ್ಲ. ಅರ್ಧಂಬರ್ಧ ವರದಿ ಹಿಡಿದು ಸಭೆಗೆ ಹೋದರೆ ಎರಡು ಗಂಟೆ ಮಾತಾಡಿ ಕೊನೆಗೆ "ಮಾಹಿತಿ ತನ್ನಿ" ಎಂದು ಎದ್ದು ಬರಬೇಕಾಗುತ್ತದೆ. ಆದರೆ ಇಲ್ಲೊಂದು ಲಕ್ಷ್ಮಣರೇಖೆ ಇದೆ. ಆ ಕೋಣೆಯಲ್ಲಿ ಪಟ್ಟಿಯ ಬಗ್ಗೆ ಮಾತಾಡಬೇಕು, ಫಲಿತಾಂಶದ ಬಗ್ಗೆ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಬಂದ ಬ್ರೌನ್ ಕಾಯ್ದೆ ಇದನ್ನು ಬಿಗಿಯಾಗಿ ಹಿಡಿಯುತ್ತದೆ. ಬಹುಮತದಷ್ಟು ಸದಸ್ಯರು ಸಾರ್ವಜನಿಕ ಸಭೆಯ ಹೊರಗೆ ಕೂತು ನಗರದ ವಿಷಯ ಚರ್ಚಿಸುವಂತಿಲ್ಲ. ಒಬ್ಬರಿಂದ ಒಬ್ಬರಿಗೆ ಫೋನು, ಇಮೇಲ್ ಮೂಲಕ ಸುತ್ತು ಹಾಕಿ ಒಮ್ಮತಕ್ಕೆ ಬರುವಂತೆಯೂ ಇಲ್ಲ. ಅದಕ್ಕೇ ಅಲ್ಲಿ ಪಟ್ಟಿ ನೋಡುವ ಕೋಣೆಯಲ್ಲಿ ಬಹುಮತದಷ್ಟು ಸದಸ್ಯರು ಸೇರದ ಹಾಗೆ ನೋಡಿಕೊಳ್ಳುತ್ತಾರೆ.

ದಿನಗಳ ಲೆಕ್ಕ ನಿಮಗೆ ತುಂಬ ಮುಖ್ಯ. ಎಡವುವುದು ಇಲ್ಲೇ ಜಾಸ್ತಿ. ಅಜೆಂಡಾ ಸಭೆಯ ದಿನ ತಯಾರಾಗುವುದಿಲ್ಲ, ಸಭೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ತಯಾರಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಸಭೆಯ ಅಜೆಂಡಾವನ್ನು ಕನಿಷ್ಠ 72 ಗಂಟೆ ಮೊದಲು ಜನರಿಗೆ ಕಾಣುವಂತೆ ಹಾಕಬೇಕು. ವಿಶೇಷ ಸಭೆಗಾದರೆ 24 ಗಂಟೆ. ಇಂಗ್ಲೆಂಡಿನ ದೊಡ್ಡ ಕೌನ್ಸಿಲ್‌ಗಳಲ್ಲಿ ಐದು "ಪೂರ್ಣ ದಿನ" ಬೇಕು. ಪೂರ್ಣ ದಿನ ಎಂದರೆ ನೋಟಿಸ್ ಕೊಟ್ಟ ದಿನವೂ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ, ರಜೆಯೂ ಇಲ್ಲ. ಸಭೆ ಗುರುವಾರ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಬುಧ, ಮಂಗಳ, ಸೋಮ, ಶುಕ್ರ, ಗುರು. ಐದಾಯಿತು. ಅಂದರೆ ಅಜೆಂಡಾ ಹಿಂದಿನ ವಾರದ ಬುಧವಾರವೇ ಹೊರಗೆ ಬೀಳಬೇಕು. ಬುಧವಾರ ಹೊರಗೆ ಬೀಳಬೇಕಾದರೆ ಪಟ್ಟಿ ಸೋಮವಾರಕ್ಕೆ ಅಂತಿಮ ಆಗಬೇಕು. ಅದಕ್ಕೂ ಮೊದಲು ಹಣಕಾಸು, ಕಾನೂನು ವಿಭಾಗಗಳು ವರದಿ ನೋಡಲು ಒಂದೆರಡು ವಾರ. ಅದಕ್ಕೂ ಮೊದಲು ಸಂಬಂಧಪಟ್ಟ ವಿಭಾಗದವರು ವರದಿ ಬರೆಯಲು ಇನ್ನೂ ಕೆಲವು ವಾರ. ಈ ತಿಂಗಳ ಸಭೆಯಲ್ಲಿ ನೀವು ನೋಡುವ ಗಟ್ಟಿ ವಿಷಯವೊಂದು ಒಂದೂವರೆ, ಎರಡು ತಿಂಗಳ ಹಿಂದೆಯೇ ಹೊರಟದ್ದು. ಸಭೆಯ ಹಿಂದಿನ ದಿನ ಬಂದು "ನಾಳೆ ನಮ್ಮದೂ ಸೇರಿಸಿ" ಎಂದು ಕೇಳಿದವರು ನನ್ನ ಟೇಬಲ್ ಮುಂದೆ ಎಷ್ಟು ಜನ ನಿಂತಿದ್ದಾರೋ ಲೆಕ್ಕವಿಲ್ಲ. ಅವರನ್ನು ಸುಮ್ನೆ ವಾಪಸ್ ಕಳಿಸುವಾಗ ನನಗೂ ಸಂಕಟವೇ ಆಗುತ್ತಿತ್ತು. ಆದರೆ ಸೇರಿಸುವ ಅಧಿಕಾರ ನನಗಿರಲಿಲ್ಲ, ಇರಲೂಬಾರದು.

ಹೆಚ್ಚಿನ ನಗರಸಭೆಗಳು ಮುಂದಿನ ಎರಡು ಮೂರು ತಿಂಗಳ ವಿಷಯಗಳ ಒಂದು ಮುನ್ನೋಟ ಪಟ್ಟಿಯನ್ನೂ ಇಟ್ಟುಕೊಂಡಿರುತ್ತವೆ. ಇಂಗ್ಲೆಂಡಿನಲ್ಲಿ 2012ರ ನಿಯಮಗಳ ಪ್ರಕಾರ, ಕೌನ್ಸಿಲ್‌ನ ಕಾರ್ಯಕಾರಿ ಮಂಡಳಿ ದೊಡ್ಡ ಹಣದ ಅಥವಾ ಹೆಚ್ಚು ಜನರಿಗೆ ತಟ್ಟುವ ನಿರ್ಧಾರ ತೆಗೆದುಕೊಳ್ಳುವ ಮೊದಲು 28 ಪೂರ್ಣ ದಿನ ಮುಂಚೆ ಅದನ್ನು ಪ್ರಕಟಿಸಬೇಕು. ನಿಮ್ಮಲ್ಲಿ ಇಂಥ ಪಟ್ಟಿ ಇದೆಯೇ ಕೇಳಿ. ಇದ್ದರೆ ಅದನ್ನು ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಜೆಂಡಾ ಕೈಗೆ ಬಂದ ಮೇಲೆ ಓಡಾಡಲು ಮೂರ್ನಾಲ್ಕು ದಿನ ಸಿಗುತ್ತದೆ. ಮುನ್ನೋಟ ಪಟ್ಟಿ ನೋಡಿದವರಿಗೆ ತಿಂಗಳು ಸಿಗುತ್ತದೆ.

ಈಗ ಅಜೆಂಡಾದ ಒಂದು ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ನನ್ನ ವೃತ್ತಿಯಲ್ಲಿ ನನಗೆ ಅತಿ ಪ್ರಿಯವಾದ ಕೆಲಸ ಅದು, ನಾನು ಅತಿ ದೊಡ್ಡ ತಪ್ಪು ಮಾಡಿದ್ದೂ ಅದರಲ್ಲೇ. ಒಮ್ಮೆ ಒಂದು ವಿಭಾಗದಿಂದ ಬಂದ ಸಾಲನ್ನು ನಾನು ಹಾಗೇ ಪಟ್ಟಿಗೆ ಏರಿಸಿದೆ: "ಆಟದ ಮೈದಾನದ ಪಕ್ಕದ ಜಾಗದ ಬಳಕೆ ಕುರಿತು." ಓದಿದವರಿಗೆ ಏನು ಅನಿಸುತ್ತದೆ? ಯಾವುದೋ ಸಣ್ಣ ವಿಷಯ ಇರಬೇಕು ಅಂತ ತಾನೇ? ಸಭೆಗೆ ಯಾರೂ ಬರಲಿಲ್ಲ. ಒಳಗಿದ್ದ ವರದಿಯಲ್ಲಿ ಆ ಜಾಗವನ್ನು ಹದಿನೈದು ವರ್ಷ ವಾಹನ ನಿಲುಗಡೆಗೆ ಖಾಸಗಿಯವರಿಗೆ ಕೊಡುವ ಪ್ರಸ್ತಾಪ ಇತ್ತು. ಅದು ಪಾಸಾಯಿತು. ಮುಂದಿನ ಸಭೆಗೆ ಸಭಾಂಗಣ ತುಂಬಿ ಹೊರಗೂ ಜನ ನಿಂತಿದ್ದರು. ಒಬ್ಬ ಅಜ್ಜಿ ಆ ಅಜೆಂಡಾದ ಪ್ರತಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಓದಿ ನನಗೆ ಹೇಗಮ್ಮಾ ಗೊತ್ತಾಗಬೇಕಿತ್ತು?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಠರಾವು ವಾಪಸ್ ಪಡೆದು, ಹೊಸದಾಗಿ ನೋಟಿಸ್ ಕೊಟ್ಟು, ವಿಷಯವನ್ನು ಮತ್ತೆ ಮೊದಲಿನಿಂದ ತರಬೇಕಾಯಿತು.

ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡೆ. ಸಾಲು ಓದಿದವರಿಗೆ ಮೂರು ವಿಷಯ ತಿಳಿಯಬೇಕು: ಯಾವ ಜಾಗ ಅಥವಾ ಯಾವ ಕೆಲಸ, ಸಭೆ ಏನು ಮಾಡಲಿದೆ, ಎಷ್ಟು ದುಡ್ಡು ಅಥವಾ ಎಷ್ಟು ಕಾಲ. "ಆಟದ ಮೈದಾನದ ಪೂರ್ವದ ಜಾಗವನ್ನು 15 ವರ್ಷಗಳ ಅವಧಿಗೆ ವಾಹನ ನಿಲುಗಡೆಗಾಗಿ ಗುತ್ತಿಗೆ ಕೊಡಲು ಅನುಮೋದನೆ" ಎಂದು ಬರೆದರೆ ಎರಡನೇ ಸಾಲಿಗೂ ಹೋಗಬೇಕಾಗಿಲ್ಲ. ಬ್ರೌನ್ ಕಾಯ್ದೆ ಕೂಡ ಇದನ್ನೇ ಕೇಳುತ್ತದೆ. ಪ್ರತಿ ವಿಷಯಕ್ಕೂ ಚುಟುಕಾದ ವಿವರಣೆ ಬೇಕು, ಸಾಮಾನ್ಯವಾಗಿ ಅದು 20 ಪದ ಮೀರಬೇಕಾಗಿಲ್ಲ ಎನ್ನುತ್ತದೆ. ಇಪ್ಪತ್ತು ಪದದಲ್ಲಿ ನಿಜ ಹೇಳಬಹುದು, ನಿಜ ಮುಚ್ಚಿಡಲೂಬಹುದು. "ಕುರಿತು", "ಸಂಬಂಧಿಸಿದಂತೆ", "ಬಗ್ಗೆ ಚರ್ಚಿಸಿ ನಿರ್ಣಯಿಸುವುದು" ಎಂದಷ್ಟೇ ಇರುವ ಸಾಲು ಕಂಡರೆ ಅದರ ಹಿಂದಿರುವ ವರದಿಯನ್ನು ತೆರೆದು ಓದಿ. ಮರೆಯಬೇಡಿ.

ವಿಷಯಗಳ ಕ್ರಮವೂ ಹಾಗೇ. ಶುರುವಿನಲ್ಲಿ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಸದಸ್ಯರು ಇದ್ದಾರೆಯೇ ಎಂದು ನೋಡುವುದು, ಹಿಂದಿನ ಸಭೆಯ ನಡವಳಿ, ಅಂದರೆ ನಡೆದದ್ದರ ಲಿಖಿತ ದಾಖಲೆ ಒಪ್ಪುವುದು ಇವೆಲ್ಲ ಬೇಗ ಮುಗಿಯುತ್ತವೆ. ಆಮೇಲೆ ಹಲವು ಕಡೆ ಒಂದು ಗುಂಪು ಬರುತ್ತದೆ: ಒಟ್ಟಿಗೆ ಒಪ್ಪುವ ವಿಷಯಗಳು. ಬಿಲ್ಲು ಪಾವತಿ, ಈಗಾಗಲೇ ಬಜೆಟ್‌ನಲ್ಲಿರುವ ಖರೀದಿ, ದಿನನಿತ್ಯದ ಒಪ್ಪಂದಗಳು. ಹದಿನೈದು ಇಪ್ಪತ್ತು ವಿಷಯಗಳಿಗೆ ಸೇರಿ ಒಂದೇ ಸಲ ಕೈ ಎತ್ತುತ್ತಾರೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಇದು ಒಳ್ಳೆಯ ಪದ್ಧತಿ. ಎಲ್ಲದರ ಬಗ್ಗೆಯೂ ಚರ್ಚೆ ಮಾಡುತ್ತಾ ಕೂತರೆ ನಿಜವಾಗಿ ಚರ್ಚೆ ಬೇಕಾದದ್ದಕ್ಕೆ ಹೊತ್ತೇ ಉಳಿಯುವುದಿಲ್ಲ. ಆದರೆ ಈ ಗುಂಪಿನೊಳಗೆ ಏನೇನು ಇದೆ ಎಂದು ನೋಡುವ ಕಣ್ಣು ಬೇಕು. ಸಾಮಾನ್ಯವಾಗಿ ಯಾವುದೇ ಒಬ್ಬ ಸದಸ್ಯ "ಎಂಟನೇ ವಿಷಯವನ್ನು ಬೇರೆ ತೆಗೆಯಿರಿ" ಎಂದರೆ ಸಾಕು, ಅದನ್ನು ಹೊರಗೆ ತೆಗೆದು ಪ್ರತ್ಯೇಕವಾಗಿ ಚರ್ಚಿಸಬೇಕು. ಅದರಲ್ಲಿ ನಿಮಗೆ ಸಂಶಯದ ವಿಷಯ ಕಂಡರೆ ಸಭೆಯ ಬೆಳಿಗ್ಗೆಯೇ ನಿಮ್ಮ ವಾರ್ಡಿನ ಸದಸ್ಯರಿಗೆ ಫೋನ್ ಮಾಡಿ ವಿಷಯ ಸಂಖ್ಯೆ ಹೇಳಿ. ಆ ಒಂದು ನಿಮಿಷ ದಾಟಿದರೆ ಮುಗಿಯಿತು.

ಜನರಿಗೆ ಬೇಕಾದ ವಿಷಯವನ್ನು ಪಟ್ಟಿಯ ಕೊನೆಗೆ ಇಡುವುದನ್ನೂ ನಾನು ನೋಡಿದ್ದೇನೆ. ಸಂಜೆ ಆರಕ್ಕೆ ಶುರುವಾದ ಸಭೆ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ತಾಯಂದಿರು ಒಂಬತ್ತಕ್ಕೆ ಎದ್ದು ಹೋಗುತ್ತಾರೆ. ವಯಸ್ಸಾದವರು ಹತ್ತಕ್ಕೆ. ಕೊನೆಗೆ ವಿಷಯ ಬಂದಾಗ ಸಭಾಂಗಣ ಖಾಲಿ. ಇದಕ್ಕೆ ಮದ್ದು ಇದೆ. ಕೆಲವು ನಗರಸಭೆಗಳು ಇಂಥ ಹೊತ್ತಿನ ಮೇಲೆ ಹೊಸ ವಿಷಯ ಕೈಗೆತ್ತಿಕೊಳ್ಳಬಾರದು ಎಂಬ ನಿಯಮ ಮಾಡಿಕೊಂಡಿವೆ. ಜನ ಹೆಚ್ಚು ಬರುವ ವಿಷಯಕ್ಕೆ ಗಂಟೆ ನಿಗದಿ ಮಾಡುವುದೂ ಉಂಟು. ಸಭೆ ಶುರುವಾದ ಮೇಲೂ ಅಧ್ಯಕ್ಷರು ಸಭೆಯ ಒಪ್ಪಿಗೆ ಪಡೆದು ಕ್ರಮ ಬದಲಿಸಬಹುದು. ನೀವು ಐವತ್ತು ಜನ ಬರುವುದು ಖಚಿತವಿದ್ದರೆ ಎರಡು ದಿನ ಮೊದಲೇ ಕಾರ್ಯದರ್ಶಿಗೆ ತಿಳಿಸಿ. ನಾನಂತೂ ಇಂಥ ಫೋನ್ ಬಂದರೆ ಸಂತೋಷಪಡುತ್ತಿದ್ದೆ, ಕುರ್ಚಿ ಎಷ್ಟು ಹಾಕಿಸಬೇಕು ಎಂದು ಗೊತ್ತಾಗುತ್ತಿತ್ತು, ಮೇಯರ್ ಅವರಿಗೆ ವಿಷಯ ಮೇಲಕ್ಕೆ ತರೋಣ ಎಂದು ಹೇಳಲು ಕಾರಣವೂ ಸಿಗುತ್ತಿತ್ತು.

ಇನ್ನು ಆ ಹಳೇ ಕಟ್ಟಡ. ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಎಂಬ ಸಾಲು ಇದ್ದಿರಬೇಕು, ಅಲ್ವಾ? ಆ ಸಾಲು ಇರುವುದು ನಿಜವಾದ ತುರ್ತಿಗೆ. ನಿನ್ನೆ ರಾತ್ರಿ ಕುಡಿಯುವ ನೀರಿನ ಮುಖ್ಯ ಪೈಪು ಒಡೆದಿದೆ, ಇವತ್ತೇ ಹಣ ಮಂಜೂರು ಮಾಡಬೇಕು ಎಂಬಂಥದ್ದಕ್ಕೆ. ಒಂದು ಕಟ್ಟಡವನ್ನು ಗುತ್ತಿಗೆಗೆ ಕೊಡುವುದು ಹಾಗಲ್ಲ. ಅದು ಅಲ್ಲೇ ನಿಂತಿರುತ್ತದೆ, ಮುಂದಿನ ತಿಂಗಳೂ ಇರುತ್ತದೆ.

ಈ ಕಿಂಡಿಯನ್ನು ಮುಚ್ಚಲು ಬೇರೆ ಬೇರೆ ದೇಶಗಳು ಏನು ಮಾಡಿವೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಪಟ್ಟಿಯಲ್ಲಿಲ್ಲದ ವಿಷಯದ ಮೇಲೆ ನಿರ್ಧಾರ ತೆಗೆದುಕೊಳ್ಳಲು ಕೆಲವೇ ದಾರಿ ಇವೆ. ಮುಖ್ಯವಾದದ್ದು ಇದು: ವಿಷಯ ಪಟ್ಟಿ ಹೊರಬಿದ್ದ ಮೇಲೆ ಗಮನಕ್ಕೆ ಬಂದಿರಬೇಕು, ತಕ್ಷಣ ನಿರ್ಧರಿಸುವ ಅಗತ್ಯವೂ ಇರಬೇಕು. ಹಾಗಿದೆ ಎಂದು ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಏಳು ಜನರ ಸಭೆಯಲ್ಲಿ ಏಳೂ ಜನ ಇದ್ದರೆ ಐವರು ಒಪ್ಪಬೇಕು. ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನವೂ ಹಾಜರಿಲ್ಲದಿದ್ದರೆ ಬಂದವರೆಲ್ಲರೂ ಒಪ್ಪಬೇಕು, ಅಂದರೆ ಏಳರಲ್ಲಿ ನಾಲ್ವರೇ ಇದ್ದರೆ ನಾಲ್ವರೂ. ಇಂಗ್ಲೆಂಡಿನಲ್ಲಿ ವಿಷಯ ತುರ್ತಿನದು ಎಂದು ಸಭಾಧ್ಯಕ್ಷರಿಗೆ ಅನಿಸಬೇಕು, ಅದಕ್ಕೆ ಕಾರಣವಾದ ವಿಶೇಷ ಸಂದರ್ಭ ಏನು ಎಂದು ನಡವಳಿಯಲ್ಲಿ ಬರೆಯಬೇಕು. ನ್ಯೂಜಿಲೆಂಡಿನ 1987ರ ಕಾನೂನು ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಸಭಾಧ್ಯಕ್ಷರು ಎಲ್ಲರ ಮುಂದೆ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು: ಈ ವಿಷಯ ಪಟ್ಟಿಯಲ್ಲಿ ಏಕೆ ಇಲ್ಲ? ಮುಂದಿನ ಸಭೆವರೆಗೆ ಏಕೆ ಕಾಯಲು ಆಗುವುದಿಲ್ಲ?

ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಆ ಎರಡು ಪ್ರಶ್ನೆಗಳನ್ನು ನೀವು ಬರವಣಿಗೆಯಲ್ಲಿ ಕೇಳಿ. ಆ ಸಭೆಯ ನಡವಳಿಯ ಪ್ರತಿ ಪಡೆಯಿರಿ. ತುರ್ತಿನ ಕಾರಣ ಬರೆದಿದ್ದಾರೆಯೇ ನೋಡಿ. ಮುಂದಿನ ಸಭೆಯಲ್ಲಿ ನಡವಳಿಗೆ ಒಪ್ಪಿಗೆ ಕೇಳುವಾಗ ಒಬ್ಬ ಸದಸ್ಯರು ಎದ್ದು ಈ ವಿಷಯ ಎತ್ತಬಹುದು. ಸಭೆ ನಡೆಯುತ್ತಿದ್ದಾಗಲೇ ಆಗಿದ್ದರೆ ಯಾವುದೇ ಸದಸ್ಯರು ಕ್ರಿಯಾಲೋಪ, ಅಂದರೆ ಸಭೆ ನಿಯಮದಂತೆ ನಡೆಯುತ್ತಿಲ್ಲ ಎಂಬ ಆಕ್ಷೇಪ ಎತ್ತಬಹುದಿತ್ತು. ಒಬ್ಬರೂ ಎತ್ತಲಿಲ್ಲ ಎನ್ನುವುದು ನನಗೆ ಬೇಸರ ತಂದ ಸಂಗತಿ. ಗಡುವುಗಳಿರುವುದರಿಂದ ತಡ ಮಾಡದೆ ಒಬ್ಬ ವಕೀಲರನ್ನೂ ಒಮ್ಮೆ ಕೇಳಿ.

ಅಜೆಂಡಾ ಮೊದಲೇ ಜನರ ಕೈಗೆ ಸಿಗುವುದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಬ್ರಿಟನ್ನಿನಲ್ಲಿ 1908ರ ಕಾನೂನು ಪತ್ರಕರ್ತರಿಗೆ ಕೌನ್ಸಿಲ್ ಸಭೆಗೆ ಬರುವ ಹಕ್ಕು ಕೊಟ್ಟಿತ್ತು. ಆದರೆ ಸಮಿತಿಗಳಿಗೆ ಅದು ಹಾಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಇಡೀ ಕೌನ್ಸಿಲ್ಲೇ "ನಾವೀಗ ಸಮಿತಿ" ಎಂದು ಹೇಳಿಕೊಂಡು ಬಾಗಿಲು ಹಾಕಿಕೊಳ್ಳಬಹುದಿತ್ತು. 1960ರಲ್ಲಿ ಈ ಕಿಂಡಿ ಮುಚ್ಚುವ ಮಸೂದೆ ತಂದವರು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್. ಆ ಮಸೂದೆಯ ಮೇಲೆ ಆಡಿದ್ದೇ ಸದನದಲ್ಲಿ ಅವರ ಮೊದಲ ಭಾಷಣ. ಅದು ಕಾನೂನಾದ ಮೇಲೆ ಸಾರ್ವಜನಿಕರಿಗೂ ಸಭೆಗೆ ಬರುವ ಹಕ್ಕು ಸಿಕ್ಕಿತು, ಕೇಳಿದ ಪತ್ರಿಕೆಗಳಿಗೆ ಅಜೆಂಡಾದ ಪ್ರತಿ ಕೊಡಬೇಕಾಯಿತು. ಬಾಗಿಲು ತೆರೆದರಷ್ಟೇ ಸಾಲದು. ಇವತ್ತು ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಯಾರು ತಾನೇ ಕೆಲಸ ಬಿಟ್ಟು ಬರುತ್ತಾರೆ?

ಬಾಗಿಲು ಮುಚ್ಚಿ ನಡೆಸುವ ಭಾಗವೂ ಕೆಲವೊಮ್ಮೆ ಬೇಕಾಗುತ್ತದೆ. ನಡೆಯುತ್ತಿರುವ ಮೊಕದ್ದಮೆ, ನೌಕರರ ಶಿಸ್ತಿನ ವಿಷಯ, ಜಮೀನಿನ ಬೆಲೆ ಮಾತುಕತೆ. ಆಗಲೂ ಅಜೆಂಡಾದಲ್ಲಿ ಅದರ ಸಾಲು ಇರಬೇಕು, ಯಾವ ಕಾರಣಕ್ಕೆ ಮುಚ್ಚುತ್ತಿದ್ದಾರೆ ಎನ್ನುವುದೂ ಇರಬೇಕು.

ನೀವು ಮೂರು ಸಲ ಸಭೆಗೆ ಹೋಗಿದ್ದೀರಿ. ನಿಮ್ಮ ನಗರಸಭೆಯಲ್ಲಿ ಸಾರ್ವಜನಿಕರಿಗೆ ಎರಡು ಮೂರು ನಿಮಿಷ ಮಾತಾಡಲು ಅವಕಾಶ ಇದ್ದರೆ ಅದನ್ನು ಬಳಸಿಕೊಳ್ಳಿ. ಆದರೆ ಆ ಹೊತ್ತಿನಲ್ಲಿ "ಸಿಗ್ನಲ್ ಹಾಕಿಸಿ" ಎಂದು ಕೇಳಬೇಡಿ. ಪಟ್ಟಿಯಲ್ಲಿ ಇಲ್ಲದ ವಿಷಯದ ಮೇಲೆ ಅವರು ಅಲ್ಲೇ ತೀರ್ಮಾನ ಮಾಡುವಂತಿಲ್ಲ. ನಿಮ್ಮ ಹಳೇ ಕಟ್ಟಡಕ್ಕೆ ಬೇಡ ಎನ್ನುವ ದಾರಿ ನಿಮ್ಮ ಸಿಗ್ನಲ್‌ಗೂ ಬೇಡ. "ಈ ವಿಷಯವನ್ನು ಮುಂದಿನ ಸಭೆಯ ಅಜೆಂಡಾಕ್ಕೆ ಸೇರಿಸಿ" ಎಂದು ಕೇಳಿ. ಅದನ್ನು ಅವರು ಅಲ್ಲೇ ಮಾಡಬಹುದು. ಬ್ರೌನ್ ಕಾಯ್ದೆಯಲ್ಲಂತೂ ಇದಕ್ಕೆ ಸ್ಪಷ್ಟ ಅವಕಾಶ ಇದೆ: ಪಟ್ಟಿಯಲ್ಲಿಲ್ಲದ ವಿಷಯವನ್ನು ಜನ ಎತ್ತಿದಾಗ ಸದಸ್ಯರು ಚುಟುಕಾಗಿ ಉತ್ತರಿಸಬಹುದು, ಸಿಬ್ಬಂದಿಗೆ ವಹಿಸಬಹುದು, ಮುಂದಿನ ಅಜೆಂಡಾದಲ್ಲಿ ಇಡಲು ಹೇಳಬಹುದು.

ಅದಕ್ಕಿಂತ ಗಟ್ಟಿ ದಾರಿ ನಿಮ್ಮ ವಾರ್ಡಿನ ಸದಸ್ಯರದ್ದು. ಇನ್ನೂರು ಸಹಿಯ ಪ್ರತಿ ತೆಗೆದುಕೊಂಡು ಇಬ್ಬರು ಮೂವರು ಅವರ ಹತ್ತಿರ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ಠರಾವಿನ ಕರಡನ್ನು ನೀವೇ ಬರೆದುಕೊಂಡು ಹೋಗಿ. ಹೆಚ್ಚಿನವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಮೊದಲ ಸಲವೇ ಪೂರ್ತಿ ಕೆಲಸ ಕೇಳುತ್ತಾರೆ. "ಸಿಗ್ನಲ್ ಹಾಕಲು ನಿರ್ಣಯಿಸಿದೆ" ಎಂದು ಬರೆದುಕೊಟ್ಟರೆ ಆ ಸಣ್ಣ ಕೋಣೆಯಲ್ಲಿ ಮೊದಲ ಪ್ರಶ್ನೆಯೇ "ದುಡ್ಡು ಎಲ್ಲಿಂದ?" ಆಗಿರುತ್ತದೆ. ವೆಚ್ಚ ಗೊತ್ತಿಲ್ಲ, ತಾಂತ್ರಿಕ ವರದಿ ಇಲ್ಲ, ಪೆನ್ಸಿಲ್ ಗೆರೆ ಬೀಳುತ್ತದೆ. ಅದರ ಬದಲು ಹೀಗೆ ಬರೆಯಿರಿ:

"ಶಾಲೆಯ ಮುಂದಿನ ಮುಖ್ಯ ರಸ್ತೆಯಲ್ಲಿ ಜೀಬ್ರಾ ಕ್ರಾಸಿಂಗ್ ಮತ್ತು ಪಾದಚಾರಿ ಸಿಗ್ನಲ್ ಅಳವಡಿಸುವ ಬಗ್ಗೆ, ವಾಹನ ಮತ್ತು ಪಾದಚಾರಿಗಳ ಎಣಿಕೆ ಹಾಗೂ ಅಂದಾಜು ವೆಚ್ಚದ ಸಮೇತ, 60 ದಿನಗಳೊಳಗೆ ಸಭೆಗೆ ವರದಿ ಮಂಡಿಸಲು ಇಂಜಿನಿಯರಿಂಗ್ ವಿಭಾಗಕ್ಕೆ ಸೂಚಿಸುವುದು."

ಇದಕ್ಕೆ ಹಣ ಬೇಡ. ಬೇಡ ಎನ್ನಲು ಕಾರಣವೂ ಸುಲಭಕ್ಕೆ ಸಿಗುವುದಿಲ್ಲ. ಇದು ಒಮ್ಮೆ ಪಾಸಾದರೆ ವರದಿ ತರುವುದು ವಿಭಾಗದ ಜವಾಬ್ದಾರಿಯಾಗುತ್ತದೆ. ವರದಿ ಬಂದ ದಿನ ನಿಮ್ಮ ವಿಷಯ ಎರಡನೇ ಸಲ, ಅಂಕಿ ಅಂಶದ ಜೊತೆ, ಅಧಿಕಾರಿಗಳ ಕಡೆಯಿಂದಲೇ ಪಟ್ಟಿಗೆ ಬರುತ್ತದೆ. ಎಂಟು ತಿಂಗಳು ಕಾದವರಿಗೆ ಇನ್ನೂ ಎರಡು ತಿಂಗಳು ಎಂದರೆ ಸಿಟ್ಟು ಬರುವುದು ಸಹಜ. ಆದರೂ ನನ್ನ ಅನುಭವದಲ್ಲಿ ಹೀಗೆ ಎರಡು ಹೆಜ್ಜೆಯಲ್ಲಿ ಬಂದ ವಿಷಯಗಳೇ ಕೊನೆ ಮುಟ್ಟಿದ್ದು ಜಾಸ್ತಿ. ಬಜೆಟ್ ಸಿದ್ಧವಾಗುವ ತಿಂಗಳುಗಳು ಯಾವುವು ಎಂದು ವಿಚಾರಿಸಿ, ವರದಿ ಅದಕ್ಕೆ ಮೊದಲು ಬರುವಂತೆ ದಿನಗಳನ್ನು ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ವಿಷಯ ಪಟ್ಟಿಗೆ ಬಂದ ಮೇಲೂ ಅದನ್ನು "ಮುಂದೂಡಲಾಗಿದೆ" ಎನ್ನಬಹುದು. ಮುಂದೂಡುವುದರಲ್ಲಿ ಎರಡು ಬಗೆ. ಯಾವ ದಿನಕ್ಕೆ ಎಂದು ಹೇಳಿ ಮುಂದೂಡುವುದು ಒಂದು, ದಿನ ಹೇಳದೆ ಮುಂದೂಡುವುದು ಇನ್ನೊಂದು. ಮೊದಲನೆಯದಾದರೆ ವಿಷಯ ಆ ದಿನದ ಪಟ್ಟಿಗೆ ತಾನಾಗಿಯೇ ಬರುತ್ತದೆ. ಎರಡನೆಯದಾದರೆ ಮತ್ತೆ ಯಾರಾದರೂ ಹೊಸದಾಗಿ ಎತ್ತಬೇಕು. ಸಭಾಂಗಣದಲ್ಲಿ ಕೇಳುವವರಿಗೆ ಎರಡೂ ಒಂದೇ ತರಹ ಕೇಳಿಸುತ್ತದೆ, ತಲೆಯಾಡಿಸಿ ಎದ್ದು ಬರುತ್ತಾರೆ. ನಿಮ್ಮ ಸದಸ್ಯರಿಗೆ ಮೊದಲೇ ಹೇಳಿಡಿ: ಮುಂದೂಡುವುದಾದರೆ ತಾರೀಕು ಹಾಕಿಸಿ.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ನಗರಸಭೆಯ ಸಭಾ ಶಾಖೆಗೆ ಹೋಗಿ, ಇಂಜಿನಿಯರಿಂಗ್ ವಿಭಾಗಕ್ಕಲ್ಲ. ಸಭಾ ನಿಯಮಾವಳಿಯ ಪ್ರತಿ ಕೇಳಿ. ಸದಸ್ಯರು ವಿಷಯ ಕೊಡಲು ಎಷ್ಟು ಜನರ ಸಹಿ ಬೇಕು, ಮುಂದಿನ ಸಭೆಗೆ ವಿಷಯ ಕೊಡಲು ಕೊನೆಯ ದಿನ ಮತ್ತು ಗಂಟೆ ಯಾವುದು, ಇವೆರಡನ್ನು ಕೇಳಿ ಬರೆದುಕೊಳ್ಳಿ. ಆ ಗಂಟೆಗೆ ಒಂದು ವಾರ ಮೊದಲೇ ನಿಮ್ಮ ಸದಸ್ಯರ ಸಹಿ ಇರುವ ಕಾಗದ ಅಲ್ಲಿ ತಲುಪಲಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಪಟ್ಟಿ ಹೊರಬಿದ್ದ ದಿನ ತೆರೆದು ನೋಡಿ. ವಿಷಯ ಇಲ್ಲದಿದ್ದರೆ ಆ ಸೀಲಿನ ಪ್ರತಿ ಹಿಡಿದು ಕಾರ್ಯದರ್ಶಿಯವರ ಹತ್ತಿರ ಹೋಗಿ, ಯಾರು ತೆಗೆದರು, ಯಾವ ನಿಯಮದಡಿ ತೆಗೆದರು ಎಂದು ಬರವಣಿಗೆಯಲ್ಲಿ ಉತ್ತರ ಕೇಳಿ.